ಶೇ. 3.2: ಒಂದು ಸಾಲಿನ ವ್ಯಾಖ್ಯಾನ

ದೇಶದ ಆರ್ಥಿಕತೆ ಗಟ್ಟಿಯಾಗಿದೆ ಎನ್ನುವವರು, ಸೊರಗಿದೆ ಎನ್ನುವವರು, ಇಬ್ಬರೂ ಈ ಸಾಲನ್ನು ಹಿಡಿದೇ ವಾದಕ್ಕಿಳಿಯುತ್ತಾರೆ: 2023-24ರಲ್ಲಿ 15 ವರ್ಷ ಮೇಲ್ಪಟ್ಟವರ ಸಾಮಾನ್ಯ ಸ್ಥಿತಿಯ ನಿರುದ್ಯೋಗ ದರ ಶೇ. 3.2.

‘2023-24ರಲ್ಲಿ’: ಇದು ಬಜೆಟ್ಟಿನ ವರ್ಷವಲ್ಲ. ಕೇಂದ್ರದ ಕಾರ್ಮಿಕ ಸಮೀಕ್ಷೆ ಪಿಎಲ್‌ಎಫ್‌ಎಸ್ ಆಗ ಅನುಸರಿಸುತ್ತಿದ್ದ ವರ್ಷ, ಜುಲೈಯಿಂದ ಜೂನ್‌ವರೆಗೆ.

‘15 ವರ್ಷ ಮೇಲ್ಪಟ್ಟವರ’: ಮೇಲ್ಮಿತಿ ಇಲ್ಲ, ಎಪ್ಪತ್ತರ ಅಜ್ಜಿಯೂ ಲೆಕ್ಕದೊಳಗೆ. 15ರಿಂದ 29ರವರನ್ನಷ್ಟೇ ತೆಗೆದುಕೊಂಡರೆ ಇದೇ ದರ ಶೇ. 10.2 ಆಗುತ್ತದೆ.

‘ಸಾಮಾನ್ಯ ಸ್ಥಿತಿಯ’: ಗಂಟು ಇರುವುದೇ ಇಲ್ಲಿ. ಹಿಂದಿನ 365 ದಿನಗಳಲ್ಲಿ ಹೆಚ್ಚು ಕಾಲ ಏನು ಮಾಡಿದಿರಿ ಎಂದು ಮೊದಲು ಕೇಳುತ್ತಾರೆ. ಆಮೇಲೆ, ಕನಿಷ್ಠ ಮೂವತ್ತು ದಿನ ದುಡಿದಿದ್ದರೂ ಅದನ್ನು ಕೆಲಸವೆಂದೇ ಎಣಿಸುತ್ತಾರೆ. ಎಂಟು ತಿಂಗಳು ಕೆಲಸ ಹುಡುಕಿ ಸಿಗದವನೂ ಸುಗ್ಗಿಯಲ್ಲಿ ಮೂವತ್ತು ದಿನ ಕೂಲಿಗೆ ಹೋಗಿದ್ದರೆ ಉದ್ಯೋಗಿಯೇ. ಬ್ಯಾಡಗಿ ಕಡೆಯ ಹೆಣ್ಣುಮಗಳೊಬ್ಬಳು ಗಂಡನ ಹೊಲದಲ್ಲಿ ಬೆನ್ನು ಬಗ್ಗಿಸಿ ಮೆಣಸಿನಕಾಯಿ ಬಿಡಿಸುತ್ತಾಳೆ, ಕಣದಲ್ಲಿ ಹರವುತ್ತಾಳೆ, ತೊಟ್ಟು ಮುರಿಯುತ್ತಾಳೆ. ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ, ಅವಳೂ ಉದ್ಯೋಗಿ. ಆ ದುಡಿಮೆಯನ್ನು ಕೆಲಸವೆಂದು ಒಪ್ಪಿದ್ದು ಸರಿಯೇ. ಆದರೆ ಅದನ್ನೂ ತಿಂಗಳ ಸಂಬಳವನ್ನೂ ಒಂದೇ ರಾಶಿಗೆ ಸುರಿದು ‘ಉದ್ಯೋಗ ಬೆಳೆಯಿತು’ ಎಂದರೆ ನನಗೆ ಸಂಕಟವಾಗುತ್ತದೆ. ಇನ್ನೊಂದು ಅಳತೆ ವಾರದ್ದು: ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಸಾಕು. ಇಷ್ಟು ಸಡಿಲವಾಗಿದ್ದರೂ ಆ ಅಳತೆಯಲ್ಲಿ ಅದೇ ವರ್ಷದ ದರ ಶೇ. 4.9.

‘ನಿರುದ್ಯೋಗ ದರ’: ಕೆಲಸವಿಲ್ಲದವರೆಲ್ಲ ನಿರುದ್ಯೋಗಿಗಳಲ್ಲ. ಕೆಲಸ ಹುಡುಕುತ್ತಿರಬೇಕು, ಇಲ್ಲವೇ ಸಿಕ್ಕರೆ ಮಾಡಲು ಸಿದ್ಧರಿರಬೇಕು. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗನನ್ನು ‘ವಿದ್ಯಾರ್ಥಿ’ ಎಂದು ಬರೆದುಕೊಂಡರೆ ಅವನು ಭಾಗಿಸುವ ಸಂಖ್ಯೆಯಲ್ಲೂ ಇಲ್ಲ, ಭಾಗವಾಗುವ ಸಂಖ್ಯೆಯಲ್ಲೂ ಇಲ್ಲ. ಹುಡುಕಿ ಹುಡುಕಿ ಸೋತು, ಸಿಕ್ಕರೂ ಬೇಡವೆಂದು ಕೈಚೆಲ್ಲಿದವರದೂ ಇದೇ ಗತಿ. ಅಂಥವರು ಹೆಚ್ಚಿದಷ್ಟೂ ದರ ಇಳಿಯುತ್ತದೆ.

‘ಶೇ. 3.2’: ನೂರು ಜನರನ್ನು ನಿಲ್ಲಿಸಿ ನೋಡಿ. ಸುಮಾರು 60 ಮಂದಿ ದುಡಿಮೆಯ ಕಣದಲ್ಲಿದ್ದಾರೆ, 58 ಮಂದಿಗೆ ಕೆಲಸವಿದೆ. ಉಳಿದ ಇಬ್ಬರನ್ನು ಅರವತ್ತರಿಂದ ಭಾಗಿಸಿದರೆ ಬರುವುದು ಹೆಚ್ಚುಕಡಿಮೆ ಇದೇ ಸಂಖ್ಯೆ. 2017-18ರಲ್ಲಿ ಅದು ಶೇ. 6.0 ಇತ್ತು, ಇಳಿದದ್ದು ನಿಜ. ಅದೇ ಅವಧಿಯಲ್ಲಿ, ದುಡಿಯುವವರ ಪೈಕಿ ಸ್ವಂತ ಉದ್ಯೋಗದವರ ಪಾಲು ಶೇ. 52.2ರಿಂದ 58.4ಕ್ಕೆ ಏರಿತು, ಮನೆಯ ಹೊಲ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಅದರಲ್ಲೇ ಸೇರಿದ್ದಾರೆ. ನಿಯಮಿತ ಸಂಬಳದವರ ಪಾಲು 22.8ರಿಂದ 21.7ಕ್ಕೆ ಇಳಿಯಿತು.