ನಕ್ಷೆಯ ಗೆರೆ ಮತ್ತು ಟ್ಯಾಂಕಿನ ಇಂಧನ

ಪುಟ್ಟ ವಿಮಾನದಲ್ಲಿ ದೂರದ ದ್ವೀಪಗಳನ್ನೂ ಅಭಯಾರಣ್ಯಗಳನ್ನೂ ನೋಡಿಬರುವ ಬಗ್ಗೆ ಪ್ರವಾಸ ಲೇಖನಗಳು, ಕರಪತ್ರಗಳು ಆಗಾಗ್ಗೆ ಕಣ್ಣಿಗೆ ಬೀಳುತ್ತವೆ. ವಿಮಾನವೆಂದರೆ ನಮಗೆ ಎಟುಕದ ವಸ್ತು ಎಂಬ ಭಾವನೆಯನ್ನು ಅವು ಸ್ವಲ್ಪ ಕಡಿಮೆ ಮಾಡಿವೆ. ಅದು ಮೆಚ್ಚತಕ್ಕ ಕೆಲಸವೇ. ಆದರೆ ಅವುಗಳ ಲೆಕ್ಕದ ಕ್ರಮ ಒಂದೇ. ನಕ್ಷೆಯ ಮೇಲೆ ನೇರ ಗೆರೆ ಎಳೆ, ಉದ್ದವನ್ನು ವೇಗದಿಂದ ಭಾಗಿಸು, ಪ್ರಯಾಣದ ಸಮಯ ಸಿಕ್ಕಿತು! ಈ ಲೆಕ್ಕದಲ್ಲಿ ಬಿಟ್ಟುಹೋದದ್ದೇ ಹೆಚ್ಚು ಎಂಬುದು ನನ್ನ ಆಕ್ಷೇಪಣೆ.

ಒಂದು ಉದಾಹರಣೆಯನ್ನು ನೋಡೋಣ. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ನಾಲ್ವರು ಲಕ್ಷದ್ವೀಪಕ್ಕೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಹೊರಡುವ ಸ್ಥಳ ಜಕ್ಕೂರು. ವಿಮಾನ ನಾಲ್ಕು ಆಸನಗಳ, ಒಂದೇ ಎಂಜಿನ್ನಿನ ಸೆಸ್ನಾ 172. ಇಳಿಯುವ ಜಾಗ ಅಗತ್ತಿ. 1988ರಲ್ಲಿ ಆರಂಭವಾದ ಅಲ್ಲಿನ ವಿಮಾನ ನಿಲ್ದಾಣದ ಓಡುಹಾದಿ ಸುಮಾರು 1,200 ಮೀ. ಉದ್ದವಿದೆ. ಇಂಥ ಪುಟ್ಟ ವಿಮಾನಕ್ಕೆ ಅದು ಧಾರಾಳ. ಜಕ್ಕೂರಿನಿಂದ ನೇರ ದೂರ ಸುಮಾರು 640 ಕಿ.ಮೀ., ವಿಮಾನದ ವೇಗ ಗಂಟೆಗೆ ಸುಮಾರು 220 ಕಿ.ಮೀ. ಮೂರು ಗಂಟೆಯೊಳಗೆ ಅಗತ್ತಿ! ಕರಪತ್ರ ಇಲ್ಲಿಗೆ ನಿಲ್ಲುತ್ತದೆ. ನಾವು ಮುಂದುವರಿಯೋಣ.

ಈ ವಿಮಾನದ ಗರಿಷ್ಠ ತೂಕ 1,157 ಕೆ.ಜಿ. ಖಾಲಿ ವಿಮಾನವೇ ಸುಮಾರು 755 ಕೆ.ಜಿ. ತೂಗುತ್ತದೆ. ಜನ, ಸಾಮಾನು, ಇಂಧನ ಎಲ್ಲಕ್ಕೂ ಸೇರಿ ಉಳಿದದ್ದು 400 ಕೆ.ಜಿ. ತಲಾ 75 ಕೆ.ಜಿ.ಯ ನಾಲ್ವರು ಕುಳಿತರೆ ಇಂಧನಕ್ಕೆ 100 ಕೆ.ಜಿ., ಅಂದರೆ ಸುಮಾರು 139 ಲೀಟರ್ ಮಾತ್ರ. ಟ್ಯಾಂಕಿನಲ್ಲಿ 200 ಲೀಟರಿಗೆ ಜಾಗವಿದ್ದರೂ ತುಂಬುವಂತಿಲ್ಲ. ಬಟ್ಟೆಯ ಚೀಲಕ್ಕಂತೂ ಎಡೆಯೇ ಇಲ್ಲ. ಗಂಟೆಗೆ 35 ಲೀಟರ್ ಖರ್ಚು, 45 ನಿಮಿಷದ ಆಪದ್ಧನ ಎಂದು ಹಿಡಿದರೆ ಹಾರಲು ಸಿಗುವುದು ಸುಮಾರು 3.2 ಗಂಟೆ. ಗಾಳಿ ಇಲ್ಲದಿದ್ದರೆ 710 ಕಿ.ಮೀ. ಹೋಗಬಹುದು. ಗಂಟೆಗೆ 40 ಕಿ.ಮೀ. ವೇಗದ ಎದುರುಗಾಳಿ ಬೀಸಿದರೆ 580 ಕಿ.ಮೀ. ಮಾತ್ರ. ಅಗತ್ತಿ ಇನ್ನೂ 60 ಕಿ.ಮೀ. ಮುಂದಿದೆ! ಮೇಲೇರುವಾಗ ಹೆಚ್ಚಾಗಿ ಖರ್ಚಾಗುವ ಇಂಧನವನ್ನು ನಾವಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ರಸ್ತೆಯ ಮೇಲಾದರೆ ಪೆಟ್ರೋಲ್ ಮುಗಿದ ಕಾರು ಬದಿಗೆ ನಿಲ್ಲುತ್ತದೆ. ಇಲ್ಲಿ ದಾರಿಯ ಅರ್ಧಕ್ಕಿಂತ ಹೆಚ್ಚು, ಸುಮಾರು 360 ಕಿ.ಮೀ., ಬರೀ ಸಮುದ್ರ. ಈ ವಿಮಾನ ಒಂದು ಮೀಟರ್ ಕೆಳಗಿಳಿಯುವಾಗ ಸುಮಾರು ಒಂಬತ್ತು ಮೀಟರ್ ಮುಂದೆ ತೇಲುತ್ತದೆ. 3,000 ಮೀ. ಎತ್ತರದಲ್ಲಿ ಎಂಜಿನ್ ನಿಂತರೆ 27 ಕಿ.ಮೀ. ತೇಲಬಹುದು, ಆಮೇಲೆ ನೀರೇ ಗತಿ. ಲಕ್ಷದ್ವೀಪದಲ್ಲಿರುವುದು ಅಗತ್ತಿಯ ವಿಮಾನ ನಿಲ್ದಾಣ ಒಂದೇ. ಅಲ್ಲಿ ಮಳೆ ಮುಚ್ಚಿಕೊಂಡರೆ ಮರಳಿ ಬರಬೇಕಾದದ್ದು ಕರಾವಳಿಗೇ. ಇನ್ನೊಂದು ಮಾತು: ಪುಟ್ಟ ಪಿಸ್ಟನ್ ಎಂಜಿನ್ನಿಗೆ ಬೇಕಾದದ್ದು ಏವ್‌ಗ್ಯಾಸ್ ಎಂಬ ಪೆಟ್ರೋಲ್. ದೊಡ್ಡ ವಿಮಾನಗಳ ಟರ್ಬೈನ್ ಎಂಜಿನ್ನುಗಳು ಸುಡುವುದು ಸೀಮೆಎಣ್ಣೆಯ ಜಾತಿಯ ಇಂಧನ. ವಿಮಾನ ನಿಲ್ದಾಣವಿದೆ ಎಂದ ಮಾತ್ರಕ್ಕೆ ಮರಳುವ ದಾರಿಗೆ ಇಂಧನ ಸಿಗುತ್ತದೆ ಎಂದು ಅರ್ಥವಲ್ಲ.

ಹೊರಡುವ ಹೊತ್ತೂ ಮುಖ್ಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀ. ಎತ್ತರದಲ್ಲಿದೆ. 35 ಡಿಗ್ರಿ ಸೆಲ್ಸಿಯಸ್‌ನ ಮಧ್ಯಾಹ್ನ ಇಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.03 ಕೆ.ಜಿ.; ಸಮುದ್ರ ಮಟ್ಟದ ಪ್ರಮಾಣಿತ ಮೌಲ್ಯ 1.225. ಸಾಂದ್ರತೆ ಶೇ. 16ರಷ್ಟು ಕಡಿಮೆಯಾದಾಗ ನೆಲ ಬಿಡಲು ಶೇ. 9ರಷ್ಟು ಹೆಚ್ಚಿನ ವೇಗ ಬೇಕು. ಓಟದ ದೂರ ವೇಗದ ವರ್ಗವನ್ನು ಅನುಸರಿಸುವುದರಿಂದ ಅದೊಂದೇ ಕಾರಣಕ್ಕೆ ಶೇ. 19ರಷ್ಟು ಹೆಚ್ಚುತ್ತದೆ. ಎಂಜಿನ್ನಿನ ಶಕ್ತಿಯೂ ಇಳಿಯುವುದರಿಂದ ಇನ್ನಷ್ಟು ಉದ್ದವಾಗುತ್ತದೆ. ತಿಂಡಿ ಮುಗಿಸಿ, ಊಟ ಮುಗಿಸಿ ಆರಾಮವಾಗಿ ಹೊರಡುವ ವೇಳಾಪಟ್ಟಿಯನ್ನು ಓದಿದಾಗ ಇದನ್ನು ನೆನಪಿಡಿ.

ಇನ್ನು ಕಾಡಿನ ವಿಚಾರ. ನಿಮಿಷಕ್ಕೆ 2,400 ಸುತ್ತು ತಿರುಗುವ ಎರಡು ಅಲಗಿನ ಪ್ರೊಪೆಲ್ಲರ್ ಹೊರಡಿಸುವ ಮೂಲ ಶಬ್ದದ ಆವೃತ್ತಿ 80 ಹರ್ಟ್ಸ್. ಇಂಥ ಮಂದ್ರ ಶಬ್ದವನ್ನು ಗಾಳಿ ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಆನೆಗಳಾದರೋ 20 ಹರ್ಟ್ಸ್‌ಗಿಂತ ಕೆಳಗಿನ ಶಬ್ದದಲ್ಲೂ ಪರಸ್ಪರ ಸಂಪರ್ಕಿಸುವ ಪ್ರಾಣಿಗಳು. ಚೆನ್ನಾಗಿ ಕಾಣಲೆಂದು ಹಾರಾಟದ ಎತ್ತರವನ್ನು ಅರ್ಧಕ್ಕಿಳಿಸಿದರೆ ನೆಲದ ಮೇಲೆ ಶಬ್ದದ ತೀವ್ರತೆ ನಾಲ್ಕು ಪಟ್ಟಾಗುತ್ತದೆ. ನೋಡಲು ಹೋದ ಪ್ರಾಣಿಯನ್ನು ಓಡಿಸಿ ಬರುವ ಪ್ರವಾಸಕ್ಕೆ ಏನೆನ್ನೋಣ? 2024ರ ನವೆಂಬರ್‌ನಲ್ಲಿ ಕೇರಳದ ಕೊಚ್ಚಿಯಿಂದ ಮಾಟ್ಟುಪೆಟ್ಟಿ ಜಲಾಶಯಕ್ಕೆ ಜಲವಿಮಾನದ ಪ್ರಾಯೋಗಿಕ ಹಾರಾಟ ನಡೆದಾಗ, ಅಲ್ಲಿ ಓಡಾಡುವ ಆನೆಗಳ ವಿಷಯವಾಗಿ ಅರಣ್ಯ ಇಲಾಖೆ ಆತಂಕ ವ್ಯಕ್ತಪಡಿಸಿತು. ಪರಿಸರ ಸೂಕ್ಷ್ಮ ವಲಯಗಳ ಬಗ್ಗೆ ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪ್ರವಾಸಕ್ಕಾಗಿ ರಾಷ್ಟ್ರೀಯ ಉದ್ಯಾನಗಳ ಮೇಲೆ ವಿಮಾನ ಹಾರಿಸುವುದು ನಿಷೇಧಿಸಬೇಕಾದ ಚಟುವಟಿಕೆಗಳ ಪಟ್ಟಿಯಲ್ಲೇ ಇದೆ. ಬಂಡೀಪುರ, ನಾಗರಹೊಳೆಗಳನ್ನು ಮೇಲಿನಿಂದ ನೋಡುವ ಆಸೆ ಹುಟ್ಟಿಸುವವರು ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕು.

ಹಾಗಾದರೆ ಪುಟ್ಟ ವಿಮಾನದ ಪ್ರವಾಸವೇ ಬೇಡವೆ? ಬೇಡವೆಂದಲ್ಲ. ನಾಲ್ವರ ಬದಲು ಇಬ್ಬರು ಕುಳಿತು, ಅಗತ್ತಿಗೆ ಸುಮಾರು 380 ಕಿ.ಮೀ. ದೂರದ ಮಂಗಳೂರಿನಲ್ಲಿ ಇಂಧನ ತುಂಬಿಸಿಕೊಳ್ಳುವ ಏರ್ಪಾಡಾದರೆ ಚಿತ್ರ ಬದಲಾಗುತ್ತದೆ. ತುಂಬಿದ ಟ್ಯಾಂಕು, ಅದೇ ಎದುರುಗಾಳಿಯಲ್ಲಿ, ಆಪದ್ಧನವನ್ನು ಬಿಟ್ಟು ಸುಮಾರು ಐದು ಗಂಟೆ ಹಾರಿಸುತ್ತದೆ. ಹೋಗಲು ಸುಮಾರು ಎರಡು ಗಂಟೆ ಸಾಕು. ಇಳಿಯಲಾಗದಿದ್ದರೆ ಮರಳಿ ಕರಾವಳಿ ಸೇರುವಷ್ಟು ಇಂಧನ ಉಳಿದಿರುತ್ತದೆ. ಒಂದೇ ಎಂಜಿನ್ನಿನ ಅಪಾಯ ಮಾತ್ರ ಹಾಗೆಯೇ ಇರುತ್ತದೆ, ಅದನ್ನು ಮುಚ್ಚಿಡಬಾರದು.

ಆದ್ದರಿಂದ ಓದುಗರಲ್ಲಿ ಒಂದು ಸಲಹೆ. ಇಂಥ ಬರಹ ಕೈಗೆ ಬಂದಾಗ ತೂಕ, ಇಂಧನ, ಎದುರುಗಾಳಿ, ಇಳಿಯಲಾಗದಿದ್ದರೆ ಹೋಗಬೇಕಾದ ಇನ್ನೊಂದು ನಿಲ್ದಾಣ, ಈ ನಾಲ್ಕು ಅದರಲ್ಲಿವೆಯೇ ಎಂದು ಹುಡುಕಿ. ಇಲ್ಲದಿದ್ದರೆ ಅದು ಪ್ರವಾಸದ ಯೋಜನೆಯಲ್ಲ, ಬರೀ ಜಾಹೀರಾತು.