ಪೋಲೀಸು ವೆಚ್ಚವೂ ಪೌರರ ಮೇಲ್ವಿಚಾರಣೆಯೂ: ಬೆಂಗಳೂರು ದಂಡುಪ್ರದೇಶವನ್ನು ಕುರಿತ ಒಂದು ವಿಮರ್ಶೆ

೧

ಬೆಂಗಳೂರಿನ ದಂಡುಪ್ರದೇಶವನ್ನು ಕುರಿತ ಬರಹಗಳನ್ನು ಪರಿಶೀಲಿಸಿದರೆ, ಅವುಗಳಲ್ಲಿ ಬಹುಪಾಲು ರೆಜಿಮೆಂಟುಗಳು, ಇಗರ್ಜಿಗಳು, ಉದ್ಯಾನಗಳು, ಮಾರುಕಟ್ಟೆಗಳು ಇವುಗಳ ವರ್ಣನೆಯಲ್ಲಿಯೇ ತೃಪ್ತಿ ಹೊಂದಿರುವುದು ಕಂಡುಬರುತ್ತದೆ. ಅಲ್ಲಿನ ಜನ ಯಾವ ತೆರಿಗೆಯನ್ನು ಯಾರಿಗೆ ಕೊಟ್ಟರು, ಆ ಹಣದ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸಿದರು ಎಂಬ ಪ್ರಶ್ನೆ ಏಳುವುದು ಅಪರೂಪ. ಎದ್ದಾಗಲೂ ಪೋಲೀಸು ವೆಚ್ಚದ ಮಾತು ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ: ಪುರಸಭೆಗಳು ಕಾಲಕ್ರಮದಲ್ಲಿ ಆ ಭಾರದಿಂದ ಬಿಡುಗಡೆ ಹೊಂದಿದವು, ಅದು ಅವುಗಳಿಗೆ ಉಪಕಾರವಾಯಿತು ಎಂದು. ಈ ವಾಕ್ಯವನ್ನು ನಾವೂ ತರಗತಿಗಳಲ್ಲಿ ಹೇಳಿಕೊಂಡು ಬಂದವರೇ. ಅದು ಅರ್ಧ ಸತ್ಯ ಮಾತ್ರವೆಂಬುದೂ, ಉಳಿದರ್ಧವನ್ನು ಬಿಟ್ಟುದರಿಂದ ಇಂದಿನ ಪೌರಾಡಳಿತದ ಒಂದು ಮುಖ್ಯ ಲೋಪ ನಮ್ಮ ಕಣ್ಣಿಗೆ ಬೀಳದೆ ಹೋಗಿದೆಯೆಂಬುದೂ ಈ ಲೇಖನದ ಪ್ರತಿಪಾದನೆ.

೨

ಮೊದಲು ದಂಡುಪ್ರದೇಶದ ಸ್ಥಿತಿಯನ್ನು ಸಂಕ್ಷೇಪವಾಗಿ ನೆನೆಯುವುದು ಯುಕ್ತ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿದ್ದ ಬ್ರಿಟಿಷ್ ಸೇನೆಗೆ ಆ ಸ್ಥಳದ ಹವೆ ಒಗ್ಗಲಿಲ್ಲ. ೧೮೦೯ರ ಸುಮಾರಿಗೆ ಹಲಸೂರಿನ ಆಸುಪಾಸಿನಲ್ಲಿ ಹೊಸ ದಂಡು ನೆಲೆಗೊಂಡಿತು. ಸೈನಿಕರ ಹಿಂದೆ ವರ್ತಕರೂ ಕೂಲಿಗಳೂ ಕುಶಲಕರ್ಮಿಗಳೂ ಬಂದು, ಮುಂದೆ ಶಿವಾಜಿನಗರವೆನಿಸಿದ ಬ್ಲ್ಯಾಕ್‌ಪಳ್ಳಿಯಂಥ ಕೇರಿಗಳು ಬೆಳೆದವು. ೧೮೩೧ರಿಂದ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನ್ನಿನ ಕೈಯಲ್ಲಿತ್ತು. ೧೮೬೨ರಲ್ಲಿ ಪೇಟೆಗೊಂದು, ದಂಡಿಗೊಂದು, ಹೀಗೆ ಎರಡು ಪುರಸಭೆಗಳು ಏರ್ಪಟ್ಟವು. ೧೮೮೧ರಲ್ಲಿ ಸಂಸ್ಥಾನವನ್ನು ಚಾಮರಾಜ ಒಡೆಯರಿಗೆ ಹಿಂದಿರುಗಿಸಿದಾಗ ದಂಡುಪ್ರದೇಶ ಮಾತ್ರ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ, ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು.

ಇದರಿಂದ ಒಂದೇ ಊರಿನಲ್ಲಿ ಎರಡು ಸರ್ಕಾರ, ಎರಡು ಪುರಸಭೆ, ಎರಡು ಪೋಲೀಸು ವ್ಯವಸ್ಥೆ ಉಂಟಾದವು. ೧೯೦೧ರ ಜನಗಣತಿಯಂತೆ ಪೇಟೆಯ ಕಡೆಯಲ್ಲಿ ೬೯,೪೪೭ ಜನರಿದ್ದರೆ ದಂಡಿನ ಕಡೆಯಲ್ಲಿ ೮೯,೫೯೯ ಜನರಿದ್ದರು. ಆದುದರಿಂದ ದಂಡು ಬರಿಯ ಸೈನಿಕ ಶಿಬಿರವಾಗಿರಲಿಲ್ಲ. ಅದೊಂದು ದೊಡ್ಡ ಪಟ್ಟಣವೇ ಆಗಿತ್ತು. ಆದರೆ ಈ ದೊಡ್ಡ ಪಟ್ಟಣದ ಜನಕ್ಕೆ ಪ್ರಶ್ನೆ ಕೇಳುವ ಸ್ಥಾನವೆಲ್ಲಿತ್ತು? ದಿವಾನ್ ರಂಗಾಚಾರ್ಲು ಅವರು ೧೮೮೧ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ಮೈಸೂರು ಸಂಸ್ಥಾನದ್ದು. ಪೋಲೀಸರ ಮೇಲಿನ ದೂರನ್ನು ಅಲ್ಲಿ ಹೇಳಿಕೊಳ್ಳುವುದಕ್ಕಾದರೂ ಅವಕಾಶವಿತ್ತು. ೧೯೨೩ರ ಸುಧಾರಣೆಯ ತರುವಾಯ ಹೊಸ ತೆರಿಗೆ ಹಾಕುವ ಮೊದಲು ಆ ಸಭೆಯ ಅಭಿಪ್ರಾಯ ಕೇಳಬೇಕೆಂಬ ನಿಯಮವೂ ಬಂದಿತು. ದಂಡುಪ್ರದೇಶ ಆ ಸಭೆಯ ವ್ಯಾಪ್ತಿಗೆ ಹೊರಗು. ಬ್ರಿಟಿಷ್ ಇಂಡಿಯದ ಪ್ರಾಂತೀಯ ಶಾಸನಸಭೆಗಳಿಗೂ ಹೊರಗು. ಅಲ್ಲಿನ ಪೋಲೀಸರು ರೆಸಿಡೆಂಟರಿಗೆ ಅಧೀನರು, ರೆಸಿಡೆಂಟರು ಗವರ್ನರ್ ಜನರಲ್ಲರಿಗೆ ಅಧೀನರು. ಹಲಸೂರಿನಲ್ಲಿ ಮನೆಗಂದಾಯ ಕಟ್ಟುವವನಿಗೆ ಈ ಸರಪಳಿಯಲ್ಲಿ ಎಲ್ಲಿಯೂ ಸ್ಥಾನವಿರಲಿಲ್ಲ.

೩

ಇನ್ನು ಆ ಪ್ರಸಿದ್ಧವಾದ ಉಪಕಾರದ ವಿಚಾರ. ಲಾರ್ಡ್ ರಿಪ್ಪನ್ ಅವರ ಸರ್ಕಾರ ೧೮೮೨ರ ಮೇ ೧೮ರಂದು ಹೊರಡಿಸಿದ ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ನಮ್ಮ ಪಠ್ಯಗಳು ಮುಕ್ತಕಂಠದಿಂದ ಹೊಗಳುತ್ತವೆ. ಆ ಹೊಗಳಿಕೆಗೆ ಅದು ಅರ್ಹವೂ ಹೌದು. ಪಟ್ಟಣದ ಪೋಲೀಸಿನ ವೆಚ್ಚವನ್ನು ಪುರಸಭೆಗಳ ಮೇಲಿನಿಂದ ತೆಗೆದು, ಹಾಗೆ ಉಳಿದ ಹಣವನ್ನು ವಿದ್ಯಾಭ್ಯಾಸ, ವೈದ್ಯ, ಲೋಕೋಪಯೋಗಿ ಕೆಲಸ ಇವುಗಳಿಗೆ ತಿರುಗಿಸಬೇಕೆಂಬುದು ಆ ಕಾಲದ ಸುಧಾರಣೆಯ ಒಂದು ಅಂಗ. ಪುರಸಭೆಗೆ ಹತೋಟಿಯಿಲ್ಲದ ಇಲಾಖೆಗೆ ಅದರಿಂದ ಹಣ ಕೀಳುವುದು ಅನ್ಯಾಯವೆಂಬುದು ಇದಕ್ಕೆ ಕೊಟ್ಟ ಕಾರಣ. ನಿರ್ಣಯ ಬ್ರಿಟಿಷ್ ಇಂಡಿಯಕ್ಕೆ ಸಂಬಂಧಿಸಿದ್ದು. ರೆಸಿಡೆಂಟರ ದಂಡುಪ್ರದೇಶಕ್ಕಾಗಲಿ ಮೈಸೂರು ಸಂಸ್ಥಾನಕ್ಕಾಗಲಿ ಅದು ನೇರವಾಗಿ ಅನ್ವಯಿಸತಕ್ಕದ್ದಲ್ಲ. ಆದರೂ ಪೋಲೀಸು ಸರ್ಕಾರದ್ದು, ಚರಂಡಿಯೂ ದೀಪವೂ ಪುರಸಭೆಯದು ಎಂಬ ಅದರ ವಿಭಾಗಕ್ರಮವೇ ಮುಂದೆ ಎಲ್ಲ ಕಡೆಯೂ ನಿಂತಿತು.

ಈ ತರ್ಕವನ್ನು ಸೂಕ್ಷ್ಮವಾಗಿ ನೋಡಬೇಕು. ಹಣ ಕೊಡುವವನಿಗೆ ಹತೋಟಿಯಿಲ್ಲ ಎಂಬುದು ದೋಷವಾದರೆ ಅದನ್ನು ತಿದ್ದಲು ದಾರಿಗಳು ಎರಡು. ಹಣ ಕೊಡುವವನಿಗೆ ಹತೋಟಿಯಲ್ಲಿ ಒಂದು ಪಾಲು ಕೊಡುವುದು ಒಂದು. ಅವನಿಂದ ಹಣ ಕೇಳುವುದನ್ನು ನಿಲ್ಲಿಸುವುದು ಇನ್ನೊಂದು. ೧೮೮೨ರ ಸರ್ಕಾರ ಎರಡನೆಯದನ್ನು ಹಿಡಿಯಿತು. ಮೊದಲನೆಯದು ಅದಕ್ಕೆ ತಿಳಿಯದ ದಾರಿಯೇನೂ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ ೧೮೩೫ರ ಪುರಸಭಾ ಕಾಯಿದೆಯಂತೆ ಪ್ರತಿ ಪಟ್ಟಣಸಭೆಯೂ ತನ್ನೊಳಗಿನಿಂದ ಒಂದು ಕಾವಲು ಸಮಿತಿಯನ್ನು ನೇಮಿಸಿ, ಸ್ಥಳೀಯ ತೆರಿಗೆಯಿಂದ ಪೋಲೀಸರನ್ನು ಸಾಕುತ್ತಿತ್ತು. ೧೮೫೬ರ ಕಾಯಿದೆ ಸರ್ಕಾರದ ತನಿಖಾಧಿಕಾರಿಗಳನ್ನು ನೇಮಿಸಿ, ಸಮರ್ಥವೆಂದು ಕಂಡ ದಳಗಳಿಗೆ ಸಂಬಳ ಮತ್ತು ಉಡುಪಿನ ವೆಚ್ಚದಲ್ಲಿ ಕಾಲು ಭಾಗವನ್ನು ಖಜಾನೆಯಿಂದ ಕೊಡಿಸಿತು. ೧೮೭೪ರಲ್ಲಿ ಅದು ಅರ್ಧವಾಯಿತು. ಊರೂ ಕೊಡುವುದು, ಸರ್ಕಾರವೂ ಕೊಡುವುದು, ಇಬ್ಬರೂ ಲೆಕ್ಕ ಕೇಳುವುದು ಎಂಬ ಪದ್ಧತಿ ಅಲ್ಲಿ ನೆಲೆಯೂರಿತ್ತು. ತಮ್ಮ ನಾಡಿನಲ್ಲಿ ಸಹಜವೆಂದು ತೋರಿದ್ದು ನಮ್ಮ ನಾಡಿನಲ್ಲಿ ಆಳುವವರಿಗೆ ಅಪಾಯವೆಂದು ತೋರಿತು. ೧೮೬೧ರ ಪೋಲೀಸು ಕಾಯಿದೆ ಗಲಭೆಯ ಊರಿನಲ್ಲಿ ಹೆಚ್ಚುವರಿ ಪೋಲೀಸರನ್ನಿರಿಸಿ ಅದರ ವೆಚ್ಚವನ್ನು ನಿವಾಸಿಗಳಿಂದಲೇ ವಸೂಲು ಮಾಡಲು ಅಧಿಕಾರ ಕೊಟ್ಟಿತ್ತು. ಆ ಕಾಯಿದೆಯ ದೃಷ್ಟಿಯಲ್ಲಿ ಸ್ಥಳೀಯರು ಪೋಲೀಸಿಗೆ ಹಣ ಕೊಡುವುದು ಹಕ್ಕಿಗೆ ಮೂಲವಾಗಿರಲಿಲ್ಲ, ದಂಡನೆಯಾಗಿತ್ತು.

ಹೀಗೆ ಪುರಸಭೆ ಪೋಲೀಸು ವೆಚ್ಚದಿಂದ ಬಿಡುಗಡೆ ಹೊಂದಿದ್ದು ನಿಜ. ಆದರೆ ಪೌರನು ಬಿಡುಗಡೆ ಹೊಂದಲಿಲ್ಲ. ಅವನು ಅದೇ ಹಣವನ್ನು ಅಬಕಾರಿ, ಮುದ್ರಾಂಕ, ಮಾರಾಟ ಮುಂತಾದ ತೆರಿಗೆಗಳ ರೂಪದಲ್ಲಿ ದೂರದ ಖಜಾನೆಗೆ ಕೊಟ್ಟನು. ಹತ್ತಿರದ ಸಭೆಯಲ್ಲಿ ಕೇಳಬಹುದಾಗಿದ್ದ ಪ್ರಶ್ನೆ ಮಾತ್ರ ಅವನ ಕೈಬಿಟ್ಟಿತು. ಉಪಕಾರದ ವಾಕ್ಯ ಬಿಟ್ಟುಬಿಡುವ ಉಳಿದರ್ಧ ಇದೇ.

೪

ಸ್ವಾತಂತ್ರ್ಯ ಈ ಲೋಪವನ್ನು ತುಂಬಿತೇ ಎಂಬುದು ಮುಂದಿನ ಪ್ರಶ್ನೆ. ೧೯೪೭ರ ಜುಲೈಯಲ್ಲಿ ದಂಡುಪ್ರದೇಶ ಮೈಸೂರಿಗೆ ಹಿಂದಿರುಗಿತು. ೧೯೪೯ರ ಕಾಯಿದೆಯಿಂದ ಎರಡು ಪುರಸಭೆಗಳು ಒಂದುಗೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಗಡಿ ಅಳಿಯಿತು, ಶಿವಾಜಿನಗರದ ಮತದಾರನೂ ಚಿಕ್ಕಪೇಟೆಯ ಮತದಾರನೂ ಒಂದೇ ಸಭೆಗೆ ಪ್ರತಿನಿಧಿಗಳನ್ನು ಕಳುಹಿಸಿದರು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಪೋಲೀಸಿನ ಮಟ್ಟಿಗೆ ಹಳೆಯ ವಿಭಾಗಕ್ರಮ ಹಾಗೆಯೇ ಮುಂದುವರಿಯಿತು. ಸಂವಿಧಾನದಲ್ಲಿ ಪೋಲೀಸು ರಾಜ್ಯದ ಪಟ್ಟಿಗೆ ಸೇರಿದ ವಿಷಯ. ೧೯೬೩ರಲ್ಲಿ ಬೆಂಗಳೂರಿಗೆ ಪೋಲೀಸ್ ಕಮಿಷನರರ ವ್ಯವಸ್ಥೆ ಬಂದಾಗ, ಅದುವರೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗಿದ್ದ ಹಲವು ಅಧಿಕಾರಗಳು ಪೋಲೀಸು ಅಧಿಕಾರಿಗೇ ಸೇರಿದವು. ೧೯೯೨ರ ಎಪ್ಪತ್ತನಾಲ್ಕನೆಯ ತಿದ್ದುಪಡಿ ನಗರಸಭೆಗಳಿಗೆಂದು ಪಟ್ಟಿಮಾಡಿದ ೧೮ ವಿಷಯಗಳಲ್ಲಿ ಬೀದಿದೀಪವಿದೆ, ಸ್ಮಶಾನವಿದೆ, ದನದ ದೊಡ್ಡಿಯಿದೆ, ಪೋಲೀಸು ಇಲ್ಲ.

ಸರ್ವೋಚ್ಚ ನ್ಯಾಯಾಲಯ ೨೦೦೬ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ರಾಜ್ಯ ಭದ್ರತಾ ಆಯೋಗವನ್ನೂ ದೂರು ಪ್ರಾಧಿಕಾರಗಳನ್ನೂ ಸ್ಥಾಪಿಸಬೇಕೆಂದು ಆದೇಶಿಸಿತು. ಕರ್ನಾಟಕವು ೨೦೧೨ರಲ್ಲಿ ತನ್ನ ಪೋಲೀಸು ಕಾಯಿದೆಯನ್ನು ಅದಕ್ಕನುಸಾರ ತಿದ್ದಿತು. ಇವು ರಾಜ್ಯ ಮತ್ತು ಜಿಲ್ಲೆಯ ಮಟ್ಟದವು. ಇಂದಿರಾನಗರದ ಠಾಣೆಗೆ ಈ ವರ್ಷ ಎಷ್ಟು ಹಣ ಬಂದಿತು, ಅದರಲ್ಲಿ ಗಸ್ತಿಗೆಷ್ಟು ಹೋಯಿತು ಎಂದು ಕೇಳುವ ಸ್ಥಳೀಯ ಸಭೆಯನ್ನು ಅವು ನಿರ್ಮಿಸಲಿಲ್ಲ. ಇತ್ತೀಚೆಗೆ ನಿರ್ಭಯಾ ನಿಧಿಯಿಂದ ಕೇಂದ್ರ ೬೦, ರಾಜ್ಯ ೪೦ರ ಪ್ರಮಾಣದಲ್ಲಿ ಹಣ ಹೂಡಿ ನಗರದ ಬೀದಿಗಳಲ್ಲಿ ಕ್ಯಾಮೆರಾಗಳನ್ನು ಇರಿಸಲಾಯಿತು. ಬೀದಿ ಪಾಲಿಕೆಯದು, ಅದನ್ನು ನೋಡುವ ಕ್ಯಾಮೆರಾ ಪೋಲೀಸಿನದು.

ಇಷ್ಟರ ಮೇಲೆ ಪ್ರಶ್ನೆ ಕೇಳಬೇಕಾದ ಸಭೆಯೇ ಹಲವು ಕಾಲ ಇಲ್ಲದೆ ಹೋಯಿತು. ೨೦೦೭ರಲ್ಲಿ ಕೃಷ್ಣರಾಜಪುರದ ನಗರಸಭೆಯೂ ಇತರ ಆರು ನಗರಸಭೆಗಳೂ ಬೃಹತ್ ಪಾಲಿಕೆಯಲ್ಲಿ ಲೀನವಾದವು. ೨೦೧೫ರಲ್ಲಿ ಆಯ್ಕೆಯಾದ ಸಭೆಯ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಕಾಲ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು. ೨೦೨೪ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆಯಂತೆ ೨೦೨೫ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ರಚನೆಯಾಗಿ, ಶಿವಾಜಿನಗರ ಕೇಂದ್ರ ಪಾಲಿಕೆಗೂ ಕೃಷ್ಣರಾಜಪುರ ಪೂರ್ವ ಪಾಲಿಕೆಗೂ ಸೇರಿದವು. ಇವುಗಳ ಮೇಲಿರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು.

೫

ನಮ್ಮ ವಾದಕ್ಕೆ ಎದುರಾಗಿ, ಪೌರನು ಸ್ಥಳೀಯ ತೆರಿಗೆಯಲ್ಲಿ ಪೋಲೀಸಿಗೆ ಏನನ್ನೂ ಕೊಡುತ್ತಿಲ್ಲವಾದ್ದರಿಂದ ಲೆಕ್ಕ ಕೇಳುವ ಮಾತೆಲ್ಲಿಂದ ಬಂತು ಎನ್ನಬಹುದು. ಇದಕ್ಕೆ ಉತ್ತರ ಆಸ್ತಿ ತೆರಿಗೆಯ ರಸೀತಿಯಲ್ಲಿಯೇ ಇದೆ. ತೆರಿಗೆಯ ಮೇಲೆ ಆರೋಗ್ಯಕ್ಕೆಂದು ಶೇಕಡ ೧೫, ಗ್ರಂಥಾಲಯಕ್ಕೆಂದು ಶೇಕಡ ೬, ಭಿಕ್ಷಾಟನೆ ನಿಷೇಧಕ್ಕೆಂದು ಶೇಕಡ ೩ರ ಉಪಕರಗಳನ್ನು ವಿಧಿಸಿರುವುದನ್ನು ಮನೆಯ ಯಜಮಾನರೆಲ್ಲರೂ ಬಲ್ಲರು. ಕೊನೆಯದು ೧೯೭೫ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಗೆ ಸೇರಿದ್ದು. ಆ ಕಾಯಿದೆಯಂತೆ ಭಿಕ್ಷೆ ಬೇಡುವವನನ್ನು ಪೋಲೀಸು ಅಧಿಕಾರಿ ವಾರಂಟಿಲ್ಲದೆ ಹಿಡಿಯಬಹುದು. ಹಿಡಿದವನನ್ನು ಪರಿಹಾರ ಕೇಂದ್ರದಲ್ಲಿ ವರ್ಷಗಟ್ಟಲೆ ಇರಿಸಬಹುದು. ಹೆಸರು ಪರಿಹಾರವೆಂದಿದ್ದರೂ ಕೆಲಸ ಪೋಲೀಸಿನ ಜಾತಿಗೆ ಸೇರಿದ್ದು. ಹಣ ಸಂಗ್ರಹಿಸುವುದು ಪಾಲಿಕೆ. ಖರ್ಚು ಮಾಡುವುದು ರಾಜ್ಯ ಸರ್ಕಾರದ ಕೆಳಗಿನ ಕೇಂದ್ರ ಪರಿಹಾರ ಸಮಿತಿ. ಕೊಟ್ಟ ವಾರ್ಡಿನವರಿಗೆ ಲೆಕ್ಕ ಒಪ್ಪಿಸುವ ಏರ್ಪಾಡು ನಡುವೆ ಇಲ್ಲ. ೧೮೮೨ರ ನಿರ್ಣಯ ಯಾವುದನ್ನು ಅನ್ಯಾಯವೆಂದು ಕರೆಯಿತೋ ಅದೇ ಇಲ್ಲಿ ನೂರು ವರ್ಷದ ತರುವಾಯ ಸಣ್ಣ ಪ್ರಮಾಣದಲ್ಲಿ ಮರಳಿ ಬಂದಿದೆ.

ಇದು ಕೇವಲ ಲೆಕ್ಕಪತ್ರದ ಸೂಕ್ಷ್ಮವಲ್ಲ. ೨೦೧೦ರ ಆಗಸ್ಟಿನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಹಲವರು ಸತ್ತರು. ಸಂಬಂಧಪಟ್ಟ ಸಚಿವರು ರಾಜೀನಾಮೆ ಕೊಡಬೇಕಾಯಿತು. ಸತ್ತವರನ್ನು ನಗರದ ಬೀದಿಗಳಿಂದ ಹಿಡಿದು ತಂದದ್ದೂ, ಅವರನ್ನು ಇರಿಸಿಕೊಂಡದ್ದೂ ನಗರದ ಮನೆಗಂದಾಯದ ಒಂದು ಪಾಲಿನಿಂದಲೇ ನಡೆಯತಕ್ಕ ಏರ್ಪಾಡಿನಲ್ಲಿ. ಅಲ್ಲಿ ಅನ್ನ, ನೀರು, ವೈದ್ಯ ಇವುಗಳಿಗೆ ಎಷ್ಟು ವೆಚ್ಚವಾಗುತ್ತಿದೆಯೆಂದು ವರ್ಷಕ್ಕೊಮ್ಮೆಯಾದರೂ ಯಾವುದಾದರೊಂದು ಸ್ಥಳೀಯ ಸಭೆ ಕೇಳುವಂತಿದ್ದರೆ ಆ ಸಾವುಗಳು ತಪ್ಪುತ್ತಿದ್ದವೆಂದು ನಾವು ಪ್ರಮಾಣಮಾಡಿ ಹೇಳಲಾರೆವು. ಸಾವು ಸಂಭವಿಸುವ ಮೊದಲೇ ಕೇಳುವವರೊಬ್ಬರಿರುತ್ತಿದ್ದರು ಎಂದಷ್ಟನ್ನು ಹೇಳಬಲ್ಲೆವು.

೬

ಸ್ಥಳೀಯ ಮೇಲ್ವಿಚಾರಣೆಯಲ್ಲಿ ಅಪಾಯವಿಲ್ಲವೆಂದೂ ನಾವು ಹೇಳುವುದಿಲ್ಲ. ೧೯೫೯ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಪೋಲೀಸು ಮುಖ್ಯಾಧಿಕಾರಿ ಪಾಪ್ಕೆಸ್ ಅವರು ನಗರಸಭೆಯವರನ್ನೇ ಕುರಿತ ತನಿಖೆಯ ವರದಿಯನ್ನು ಕಾವಲು ಸಮಿತಿಗೆ ಕೊಡಲೊಪ್ಪದಿದ್ದಾಗ ಸಮಿತಿ ಅವರನ್ನು ಅಮಾನತು ಮಾಡಿತು. ಗೃಹಮಂತ್ರಿ ಮಧ್ಯೆ ಪ್ರವೇಶಿಸಿ ಅವರನ್ನು ಮತ್ತೆ ಕೂರಿಸಬೇಕಾಯಿತು. ೧೯೬೪ರ ಕಾಯಿದೆ ಕಾವಲು ಸಮಿತಿಗಳನ್ನು ತೆಗೆದು, ಮೂರರಲ್ಲಿ ಎರಡು ಪಾಲು ಸಭಾಸದರೂ ಒಂದು ಪಾಲು ಮ್ಯಾಜಿಸ್ಟ್ರೇಟರೂ ಇರುವ ಪೋಲೀಸು ಪ್ರಾಧಿಕಾರಗಳನ್ನು ತಂದಿತು. ೨೦೧೨ರಲ್ಲಿ ಅವುಗಳಿಗೆ ಬದಲಾಗಿ ಚುನಾಯಿತ ಕಮಿಷನರರು ಬಂದರು. ಮನೆತೆರಿಗೆಯಲ್ಲಿ ಪೋಲೀಸಿನ ಪಾಲೆಷ್ಟೆಂದು ಅವರು ಸೂಚಿಸತಕ್ಕದ್ದು. ಸ್ಥಳೀಯ ಸಭೆಗಳ ಪ್ರತಿನಿಧಿಗಳ ಮಂಡಲಿ ಮೂರರಲ್ಲಿ ಎರಡು ಬಹುಮತದಿಂದ ಅದನ್ನು ತಡೆಯಬಹುದು. ಆದರೆ ಆ ಮೊದಲ ಚುನಾವಣೆಯಲ್ಲಿ ಮತ ಹಾಕಿದವರು ಶೇಕಡ ೧೫ರಷ್ಟು ಮಾತ್ರ. ೨೦೨೫ರಲ್ಲಿ ಅಲ್ಲಿನ ಸರ್ಕಾರ ಆ ಹುದ್ದೆಯನ್ನೇ ರದ್ದುಮಾಡುವುದಾಗಿ ಪ್ರಕಟಿಸಿತು.

ಈ ಚರಿತ್ರೆಯಿಂದ ಎರಡು ಪಾಠಗಳು ದೊರೆಯುತ್ತವೆ. ತನಿಖೆಯ ಮೇಲಿನ ಹತೋಟಿ ಸ್ಥಳೀಯ ಮುಖಂಡರ ಕೈಗೆ ಹೋಗಕೂಡದು. ನಮ್ಮ ವಾರ್ಡುಗಳ ರಾಜಕೀಯವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ವೆಚ್ಚದ ಲೆಕ್ಕ ಬೇರೆ, ತನಿಖೆ ಬೇರೆ. ಇಂಗ್ಲೆಂಡಿನಲ್ಲಿ ಸಂಸ್ಥೆಗಳು ಮೇಲಿಂದ ಮೇಲೆ ಬದಲಾದರೂ ಸ್ಥಳೀಯರಿಗೆ ಲೆಕ್ಕ ಒಪ್ಪಿಸಬೇಕೆಂಬ ತತ್ತ್ವವನ್ನು ಅಲ್ಲಿಯವರು ಬಿಡಲಿಲ್ಲ. ನಮ್ಮಲ್ಲಿ ಆ ತತ್ತ್ವ ದಂಡುಪ್ರದೇಶದಲ್ಲಿ ಹುಟ್ಟಲೇ ಇಲ್ಲ; ದಂಡು ಹೋದ ಮೇಲೂ ಅದನ್ನು ಹುಟ್ಟಿಸುವ ಪ್ರಯತ್ನ ನಡೆಯಲಿಲ್ಲ.

ಆದುದರಿಂದ ನಮ್ಮ ಸೂಚನೆ ಮಿತವಾದುದು. ಪ್ರತಿ ಠಾಣೆಯ ವಾರ್ಷಿಕ ವೆಚ್ಚದ ಪಟ್ಟಿಯೂ, ಭಿಕ್ಷಾಟನೆ ಉಪಕರದಿಂದ ಆಯಾ ಪಾಲಿಕೆ ಕೊಟ್ಟ ಹಣದ ವಿನಿಯೋಗವೂ ಪಾಲಿಕೆಯ ಸಭೆಯ ಮುಂದೆಯೂ ವಾರ್ಡು ಸಮಿತಿಯ ಮುಂದೆಯೂ ಬರಲಿ, ಚರ್ಚೆಯಾಗಲಿ, ಆಜ್ಞೆ ಮಾಡುವ ಅಧಿಕಾರ ಈಗಿರುವಲ್ಲಿಯೇ ಇರಲಿ. ಚರಿತ್ರೆಯ ಅಧ್ಯಾಪಕರಾದ ನಮ್ಮಿಂದ ಆಗಬೇಕಾದ ಕೆಲಸ ಇನ್ನೊಂದಿದೆ. ದಂಡಿನ ಕಟ್ಟಡಗಳನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ, ಈ ಬೀದಿಯ ಕಾವಲಿಗೆ ಹಣ ಕೊಟ್ಟವರಾರು, ಅದರ ಲೆಕ್ಕ ಕೇಳಿದವರಾರು ಎಂಬ ಪ್ರಶ್ನೆಯನ್ನೂ ಅವರ ಮುಂದಿಡಬೇಕು. ಮೊದಲ ಪ್ರಶ್ನೆಗೆ ಹಲಸೂರು, ಶಿವಾಜಿನಗರಗಳ ಸಾಮಾನ್ಯ ಜನ ಎಂಬ ಉತ್ತರ ಸುಲಭವಾಗಿ ಸಿಕ್ಕುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕುವ ವಿದ್ಯಾರ್ಥಿಗೆ ದಂಡುಪ್ರದೇಶದ ನಿಜವಾದ ಚರಿತ್ರೆ ಅಲ್ಲಿಂದಲೇ ಪ್ರಾರಂಭವಾಗುತ್ತದೆ.