ಮಜ್ಜೆಗೆ ಬರುವ ಅಪ್ಪಣೆ: ನಾಲ್ಕು ಸಾಲು, ವ್ಯಾಖ್ಯಾನ ಸಹಿತ

ಅಬ್ಬಿಗೇರಿಯಿಂದ ರಕ್ತದ ರಿಪೋರ್ಟು ಹಿಡಿದು ಗದಗ, ಹುಬ್ಬಳ್ಳಿ, ಕೊನೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ತನಕ ಅಲೆಯುವವರಿಗೆ ‘ಸೈಟೊಕೈನ್’ ಎಂಬ ಹೆಸರು ಎದುರಾಗಬಹುದು. ಅವರಿಗಾಗಿ ಹೊಸೆದ ನಾಲ್ಕು ಸಾಲುಗಳಿವು.

‘ಮಜ್ಜೆಯ ಕೋಶ ಅಪ್ಪಣೆಯಿಲ್ಲದೆ ಬೆಳೆಯದು.’
ಎಲುಬಿನ ಮಜ್ಜೆಯಲ್ಲಿ ಯಾವ ರಕ್ತಕಣ ಎಷ್ಟು ಹುಟ್ಟಬೇಕೆಂದು ತಿಳಿಸುವುದು ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳು. ಅವು ಕೋಶದ ಮೈಮೇಲಿನ ಗ್ರಾಹಕಕ್ಕೆ ಅಂಟಿದರೆ ಅಪ್ಪಣೆ ಒಳಗೆ ಮುಟ್ಟಿತು.

‘ಬೆಳೆ ಎಂದದ್ದು ರೋಗಕ್ಕೂ ಕೇಳಿತು.’
ಎರೆ ಹೊಲಕ್ಕೆ ಮಳೆಯಾದರೆ ಹೆಸರಿನ ಜೋಡಿ ಕಸವೂ ಏಳುತ್ತದಲ್ಲ, ಹಾಗೆ. ಇಂಟರ್‌ಲ್ಯೂಕಿನ್-3 ಎಂಬ ಸೈಟೊಕೈನ್ ಉಂಡು ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಕೋಶಗಳೂ ಹೆಚ್ಚುತ್ತವೆ. ಕೆಲವಂತೂ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ತಾವೇ ತಯಾರಿಸಿ, ತಮಗೆ ತಾವೇ ಅಪ್ಪಣೆ ಕೊಟ್ಟುಕೊಳ್ಳುತ್ತವೆ. ಹಾಗಾದರೆ ಕಿಮೊ ಮುಗಿದ ಮೇಲೆ ಬಿಳಿ ಕಣ ಏರಿಸಲು ಕೊಡುವ ಇನ್ನೊಂದು ಸೈಟೊಕೈನಾದ ಜಿ-ಸಿಎಸ್‌ಎಫ್ ಇಂಜೆಕ್ಷನ್ ರೋಗವನ್ನೂ ಬೆಳೆಸೀತೇ? ಈ ಅಂಜಿಕೆ ವೈದ್ಯರಿಗೂ ಇತ್ತು. ದೊಡ್ಡ ಪ್ರಯೋಗಗಳಲ್ಲಿ ರೋಗ ಮರುಕಳಿಸುವುದು ಹೆಚ್ಚಾದದ್ದು ಕಾಣಲಿಲ್ಲ. ‘ಫ್ಲಾಗ್’ ಎಂಬ ಚಿಕಿತ್ಸೆಯಲ್ಲಿ ಇದೇ ಇಂಜೆಕ್ಷನ್ನನ್ನು ಬೇಕೆಂದೇ ಮೊದಲು ಕೊಡುತ್ತಾರೆ. ವಿಭಜನೆಯಾಗದೆ ಸುಮ್ಮನಿರುವ ಲ್ಯುಕೇಮಿಯಾ ಕೋಶಕ್ಕೆ ಕಿಮೊ ಅಷ್ಟಾಗಿ ತಾಗದು, ಎಬ್ಬಿಸಿಯೇ ಹೊಡೆಯಬೇಕು. ನನಗಂತೂ ಇದು ರಕ್ತವೈದ್ಯರ ಜಾಣತನಗಳಲ್ಲೊಂದು ಎನಿಸುತ್ತದೆ.

‘ಮಾಗು ಎಂದರೆ ಕೆಲವು, ನಿಲ್ಲು ಎಂದರೆ ಕೆಲವು ಕೇಳಿದವು.’
ಮೆಲ್ಬರ್ನ್‌ನಲ್ಲಿ ಡೊನಾಲ್ಡ್ ಮೆಟ್‌ಕಾಫ್ ಅವರ ತಂಡ 1980ರ ದಶಕದಲ್ಲಿ ಮೇಲೆ ಹೇಳಿದ ಜಿ-ಸಿಎಸ್‌ಎಫ್ಫನ್ನೇ ಇಲಿಯ ಒಂದು ಬಗೆಯ ಲ್ಯುಕೇಮಿಯಾ ಕೋಶಗಳಿಗೆ ಸೇರಿಸಿದಾಗ ಅವು ಮಾಗಿ, ಹೆಚ್ಚುವುದನ್ನು ಬಿಟ್ಟವು. ಅಂದರೆ ಪ್ರೋಟೀನು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ಫಲವಿಲ್ಲ. ಯಾವ ಕೋಶಕ್ಕೆ ಅಂಟಿತು ಎಂದು ಕೇಳಬೇಕು. ‘ನಿಲ್ಲು’ ಎಂದದ್ದು ಮತ್ತೊಂದು ಸೈಟೊಕೈನ್, ಇಂಟರ್‌ಫೆರಾನ್-ಆಲ್ಫಾ. 2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬರುವವರೆಗೆ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದವರು ಜ್ವರ, ಮೈಕೈ ನೋವು ಸಹಿಸಿಕೊಂಡು ಇದನ್ನೇ ಚುಚ್ಚಿಸಿಕೊಳ್ಳುತ್ತಿದ್ದರು.

‘ಅಪ್ಪಣೆ ಅತಿಯಾದರೆ ಮೈಗೇ ಕುತ್ತು.’
ರೋಗಿಯ ಟಿ-ಕೋಶಗಳನ್ನೇ ತೆಗೆದು, ತಿದ್ದಿ, ಲ್ಯುಕೇಮಿಯಾದ ಮೇಲೆ ಬಿಡುವ ಚಿಕಿತ್ಸೆ ಸಿಎಆರ್-ಟಿ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಅದನ್ನು ಪಡೆದ ಮೊದಲ ಮಗುವಿಗೆ ವಿಪರೀತ ಜ್ವರ ಬಂತು, ವೆಂಟಿಲೇಟರ್ ಹಾಕಬೇಕಾಯಿತು. ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್ ಉಕ್ಕಿತ್ತು. ಸಂಧಿವಾತಕ್ಕೆ ಕೊಡುವ ಟೊಸಿಲಿಝುಮ್ಯಾಬ್ ಅದರ ಗ್ರಾಹಕವನ್ನು ಮುಚ್ಚಿತು, ಮಗು ಚೇತರಿಸಿಕೊಂಡಿತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ಸಿಎಆರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿದೆ. ಈ ಚಿಕಿತ್ಸೆ ಎಲ್ಲೇ ಆಗಲಿ, ಟೊಸಿಲಿಝುಮ್ಯಾಬ್ ಕೈಗೆಟಕುವಂತಿಟ್ಟುಕೊಂಡೇ ಕೋಶಗಳನ್ನು ಏರಿಸುತ್ತಾರೆ.